ಸೋಮವಾರಕ್ಕೊಂದು ಹಾಡು

ಸೋಮವಾರದ ಬೆಳಗು ಯಾರಿಗೂ ಪ್ರಿಯವಲ್ಲ. ಕೇಂದ್ರ ಸರ್ಕಾರದ ಗುಮಾಸ್ತನಿಗಂತೂ ಅಲ್ಲವೇ ಅಲ್ಲ. ಎರಡು ದಿನ ಮನೆಯಲ್ಲಿದ್ದು ಮೈ ಸಡಿಲವಾಗಿರುತ್ತದೆ. ಮೇಜಿನ ಮೇಲೆ ಕಡತಗಳು ನಮ್ಮನ್ನೇ ಕಾಯುತ್ತಿವೆಯೆಂಬ ಅರಿವು ಹಾಸಿಗೆಯಲ್ಲೇ ಚುಚ್ಚತೊಡಗುತ್ತದೆ. ಹಾಲಿನವನು, ನೀರಿನ ಸರದಿ, ಮಕ್ಕಳ ಶಾಲೆಯ ವ್ಯಾನು, ಮೆಟ್ರೋ ರೈಲಿನ ನೂಕುನುಗ್ಗಲು, ಇಷ್ಟೆಲ್ಲದರ ನಡುವೆ ನಮ್ಮ ಮನೆಯಲ್ಲಿ ಕೆಲವು ತಿಂಗಳುಗಳಿಂದ ಒಂದು ಪದ್ಧತಿ ನಡೆದುಬಂದಿದೆ. ಒಗ್ಗರಣೆ ಬೀಳುವ ಹೊತ್ತಿಗೆ ಒಂದು ಕನ್ನಡ ಹಾಡು ಹಾಕುವುದು. ವಾರವಿಡೀ ಅದೇ ಹಾಡು. ಮುಂದಿನ ಸೋಮವಾರಕ್ಕೆ ಬೇರೊಂದು. ಈ ಪದ್ಧತಿಯ ಲಾಭನಷ್ಟಗಳ ಲೆಕ್ಕವನ್ನು ಸಂಘದ ಬಂಧುಗಳ ಮುಂದಿಟ್ಟು, ಏಳು ವಾರಕ್ಕಾಗುವಷ್ಟು ಹಾಡುಗಳನ್ನು ಶಿಫಾರಸು ಮಾಡುವುದು ಈ ಲೇಖನದ ಉದ್ದೇಶ.

ಮೊದಲೇ ಹೇಳಿಬಿಡುವುದು ಒಳ್ಳೆಯದು: ನಾವು ಸಂಗೀತ ವಿದ್ವಾಂಸರಲ್ಲ. ಬಿ.ಎಸ್‌ಸಿ. ಮುಗಿಸಿ, ಪರೀಕ್ಷೆ ಬರೆದು, ಕಡತಗಳ ನಡುವೆ ತಲೆ ನರೆಸಿಕೊಂಡವರು. ರಾಗ ಗುರುತಿಸಲು ಬಾರದು. ತಾಳ ತಪ್ಪಿದ್ದು ಗೊತ್ತಾಗುವುದು ಪಕ್ಕದವರು ಮುಖ ಸಿಂಡರಿಸಿದಾಗ. ಹಾಡು ಕೇಳುವ ಚಟ ಮಾತ್ರ ಬಾಲ್ಯದ್ದು. ನಮ್ಮ ಹಿರಿಯರ ಮನೆಯಲ್ಲಿ ‘ನಿತ್ಯೋತ್ಸವ’ದ ಧ್ವನಿಸುರುಳಿ ಇತ್ತು. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿ, 1978ರಲ್ಲಿ ಹೊರಬಂದ ಆ ಸುರುಳಿ ಕನ್ನಡ ಭಾವಗೀತೆಯನ್ನು ಮನೆಮನೆಗೆ ತಲುಪಿಸಿತು. ಅದನ್ನು ಕೇಳುತ್ತ ಬೆಳೆದ ನಮಗೆ ಬಹುಕಾಲ ಒಂದು ಜಂಬವಿತ್ತು. ಅಲ್ಲಿಂದೀಚೆಗೆ ಬಂದದ್ದೆಲ್ಲ ಬರಿಯ ಗದ್ದಲ, ಈಗಿನ ಹಾಡುಗಳಲ್ಲಿ ಹಾಡೇ ಇಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿಕೊಂಡು ತಿರುಗಿದ್ದೂ ಉಂಟು. ಆ ಜಂಬ ಮುರಿದದ್ದು ಹೇಗೆಂಬುದನ್ನು ಹೇಳಬೇಕು.

ಒಂದು ರಾಜ್ಯೋತ್ಸವದ ಸಂಜೆ ನಮ್ಮ ಮಗಳು ಗೆಳತಿಯರೊಡನೆ ವೇದಿಕೆಯ ಮೇಲೆ ‘ಸಿಂಗಾರ ಸಿರಿಯೆ’ ಹಾಡಿಗೆ ಕುಣಿದಳು. ಚೆನ್ನಾಗಿಯೇ ಕುಣಿದಳು, ಚಪ್ಪಾಳೆಯೂ ಬಿತ್ತು. ಕೆಳಗಿಳಿದು ಬಂದವಳನ್ನು ಅವಳಜ್ಜಿ, ಅಂದರೆ ನಮ್ಮ ತಾಯಿ, ಮಡಿಲಿಗೆ ಎಳೆದುಕೊಂಡು, ‘ಸಿರಿ ಅಂದ್ರೇನವ್ವ?’ ಎಂದು ಕೇಳಿದರು. ಹುಡುಗಿ ಭುಜ ಕುಣಿಸಿ, ‘ತೆಲೀದು ನಾನಮ್ಮಾ’ ಎಂದಳು. ಉತ್ತರವೂ ತೆಲುಗು, ಅಜ್ಜಿಯನ್ನು ಕರೆದ ಹೆಸರೂ ತೆಲುಗು. ವಿಚಾರಿಸಿ ನೋಡಿದರೆ ಆ ಧಾಟಿ ಅವಳಿಗೆ ಬಂದದ್ದೂ ತೆಲುಗಿನ ಮೂಲಕವೇ. ‘ಕಾಂತಾರ’ ಚಿತ್ರ ಕನ್ನಡದಲ್ಲಿ ತೆರೆಕಂಡದ್ದು 2022ರ ಸೆಪ್ಟೆಂಬರ್ 30ರಂದು. ಅಕ್ಟೋಬರ್ 15ಕ್ಕೆ ಅದು ತೆಲುಗು ಮಾತನಾಡುತ್ತ ಈ ಊರಿನ ಚಿತ್ರಮಂದಿರಗಳಿಗೆ ಬಂತು. ಹಾಡುಗಳೂ ಅದೇ ಧಾಟಿಗೆ ತೆಲುಗು ಮಾತು ತೊಟ್ಟು ಬಂದವು. ಶಾಲೆಯ ವ್ಯಾನಿನಲ್ಲಿ ಹುಡುಗಿಯರೆಲ್ಲ ಹಾಡುತ್ತಿದ್ದುದು ಅದನ್ನು. ನಮ್ಮವಳು ರಾಜ್ಯೋತ್ಸವಕ್ಕಾಗಿ ಅದರ ಮೇಲೆ ಕನ್ನಡದ ಮಾತನ್ನು ಅಂಗಿಯಂತೆ ಹಾಕಿಕೊಂಡಿದ್ದಳು, ಅಷ್ಟೆ. ವಿಚಿತ್ರವೆಂದರೆ ‘ಸಿರಿ’ ಎಂಬ ಮಾತು ತೆಲುಗಿನಲ್ಲೂ ಇದೆ, ಅರ್ಥವೂ ಅದೇ. ಅವಳಿಗೆ ಆ ಸಿರಿಯೂ ಗೊತ್ತಿರಲಿಲ್ಲ.

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಇಷ್ಟು ವರ್ಷ ಹೊಸ ಹಾಡುಗಳನ್ನು ಬಯ್ಯುತ್ತ ನಾವು ಸಾಧಿಸಿದ್ದೇನು? ನಾವು ಬಯ್ದು ಬಿಟ್ಟ ಹಾಡನ್ನು ಮಗಳು ಬೇರೆ ಭಾಷೆಯ ಮೂಲಕ ಎತ್ತಿಕೊಂಡಳು. ನಾವು ಮೆಚ್ಚಿ ಬೀರುವಿನಲ್ಲಿಟ್ಟ ಸುರುಳಿಯನ್ನು ಹಾಕಲು ಮನೆಯಲ್ಲಿ ಯಂತ್ರವೇ ಇಲ್ಲ.

ಹಾಡು ಮನಸ್ಸಿಗೆ ಅಂಟಿಕೊಳ್ಳುವುದು ಹೇಗೆ ಎಂಬುದನ್ನು ವಿಜ್ಞಾನಿಗಳೂ ಯೋಚಿಸಿದ್ದಾರೆ. ಬಿಡದೆ ತಲೆಯೊಳಗೆ ತಿರುಗುವ ಧಾಟಿಗೆ ಜರ್ಮನ್ ಭಾಷೆಯಲ್ಲಿ ‘ಕಿವಿಹುಳು’ ಎಂಬರ್ಥದ ಮಾತೇ ಇದೆ. ಇಂಗ್ಲೆಂಡಿನ ಡರ್ಹಾಂ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು 3000 ಜನರನ್ನು ವಿಚಾರಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರ ಇಷ್ಟು: ಇಂಥ ಹಾಡಿನ ನಡೆ ತುಸು ಚುರುಕಾಗಿರಬೇಕು, ಧಾಟಿಯ ಏರಿಳಿತ ನಾವು ಬಲ್ಲ ದಾರಿಯದೇ ಆಗಿರಬೇಕು, ಆದರೆ ನಡುವೆ ಎಲ್ಲೋ ಒಂದು ಕಡೆ ಅನಿರೀಕ್ಷಿತವಾದ ಜಿಗಿತವೋ ಮರುಕಳಿಕೆಯೋ ಇರಬೇಕು. ನಮ್ಮ ಅಡುಗೆಮನೆಯ ಭಾಷೆಯಲ್ಲಿ ಹೇಳುವುದಾದರೆ, ಸಾರು ದಿನದ್ದೇ, ಒಗ್ಗರಣೆ ಮಾತ್ರ ಬೇರೆ.

ಇದೆಲ್ಲ ಧಾಟಿಯ ವಿಚಾರವಾಯಿತು. ಧಾಟಿಗೆ ಭಾಷೆಯಿಲ್ಲ, ಅದು ಯಾವ ಮಾತನ್ನು ಹೊರಿಸಿದರೂ ಹೊರುತ್ತದೆ. ಮೈಸೂರಿನಲ್ಲೋ ಧಾರವಾಡದಲ್ಲೋ ಇರುವವರಿಗೆ ಹಾಡು ಹಿಡಿಸಿತೇ ಇಲ್ಲವೇ ಎಂಬಷ್ಟೇ ಪ್ರಶ್ನೆ ಸಾಕು, ಏಕೆಂದರೆ ಮಾತು ಅಲ್ಲಿನ ಬೀದಿಯಲ್ಲೇ ಸಿಗುತ್ತದೆ. ಹೊರನಾಡಿನ ನಮಗೆ ಇನ್ನೊಂದು ಪ್ರಶ್ನೆಯೂ ಬೇಕು: ಹಿಡಿಸಿದ ಹಾಡಿನಲ್ಲಿ ಯಾವ ಮಾತು ಹಿಡಿಯಿತು? ನಾವು ಕಂಡುಕೊಂಡ ಪರೀಕ್ಷೆ ಸುಲಭದ್ದು. ವಾರವಿಡೀ ಹಾಡು ಕೇಳಿ, ಭಾನುವಾರ ಯಂತ್ರ ನಿಲ್ಲಿಸಿ, ವಾದ್ಯಗಳಿಲ್ಲದೆ ಬರಿಯ ಬಾಯಲ್ಲಿ ಹಾಡಿಕೊಳ್ಳುವುದು. ‘ತನನ’ ಮಾತ್ರ ಉಳಿದರೆ ಆ ಹಾಡು ಫೇಲು. ಒಂದಾದರೂ ಕನ್ನಡದ ಮಾತು ಮಕ್ಕಳ ಬಾಯಲ್ಲಿ ಉಳಿದು, ಅದರ ಅರ್ಥವನ್ನು ಅವರು ದೊಡ್ಡವರಲ್ಲಿ ಕೇಳುವಂತಾದರೆ ಪಾಸು. ಈ ಪರೀಕ್ಷೆಯಲ್ಲಿ ತೇರ್ಗಡೆಯಾದ, ಅಥವಾ ನಾವು ಕೃಪಾಂಕ ಕೊಟ್ಟು ದಾಟಿಸಿದ, ಏಳು ಹಾಡುಗಳು ಇಲ್ಲಿವೆ. ‘ಹೊಸ’ ಎಂಬ ಮಾತನ್ನು ನಲವತ್ತು ದಾಟಿದವರ ಕಣ್ಣಿನಿಂದ ನೋಡಬೇಕಾಗಿ ವಿನಂತಿ.

ಮೊದಲನೆಯ ವಾರಕ್ಕೆ ರಘು ದೀಕ್ಷಿತ್ ಅವರ ‘ಲೋಕದ ಕಾಳಜಿ’. 2013ರ ‘ಜಗ್ ಚಂಗಾ’ ಸಂಪುಟದಲ್ಲಿದೆ. ಮಾತು ಶಿಶುನಾಳ ಶರೀಫರದು (1819–1889). ಗಿಟಾರು, ಪಿಟೀಲು, ಡ್ರಮ್ಮು ಈ ಕಾಲದವು. ಈ ಗಾಯಕರು ಮೈಸೂರಿನಲ್ಲಿ ಸೂಕ್ಷ್ಮಾಣುಜೀವಿಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿದವರೆಂದು ತಿಳಿದು ವಿಜ್ಞಾನದ ವಿದ್ಯಾರ್ಥಿಗಳಾದ ನಮಗೆ ಸಂತೋಷವಾಯಿತು. ಶರೀಫರನ್ನು ನಾವು ಬಲ್ಲದ್ದು ಸಿ. ಅಶ್ವಥ್ ಅವರ ಕಂಠದಿಂದ, 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದಿಂದ. ಆ ಕಂಠದ ಪಕ್ಕದಲ್ಲಿ ಗಿಟಾರನ್ನು ಇಡುವುದು ಅಪಚಾರವೆಂದುಕೊಂಡಿದ್ದೆವು. ಕೇಳಿದ ಮೇಲೆ ಅಭಿಪ್ರಾಯ ತಿದ್ದಿಕೊಂಡೆವು. ತತ್ವಪದ ಹುಟ್ಟಿದ್ದೇ ಜನರ ನಡುವೆ ನಿಂತು ಹಾಡಲು, ತಾಳ ತಟ್ಟಲು. ಹಾಡು ಮುಗಿಯುವ ಮೊದಲೇ ಒಳಗಿನಿಂದ ನಮ್ಮ ತಾಯಿ, ‘ಇದು ನಮ್ಮ ಕಡೀ ಮಾತಲ್ಲೇನೊ’ ಎಂದು ಹೊರಗೆ ಬಂದರು. ಅವರು ರಾಯಚೂರು ಕಡೆಯವರು. 1956ರ ನವೆಂಬರ್ 1ರವರೆಗೆ ಆ ಸೀಮೆಯೂ ಈ ಹೈದರಾಬಾದೂ ಒಂದೇ ಸಂಸ್ಥಾನದ ನೆಲವಾಗಿದ್ದವೆಂಬುದನ್ನು ನಮ್ಮ ಓದುಗರಿಗೆ ನೆನಪಿಸಬೇಕಾಗಿಲ್ಲ. ಒಂದೇ ದೂರು: ವಾದ್ಯಗಳ ಅಬ್ಬರ ಏರಿದಲ್ಲಿ ಮಾತು ಮುಳುಗುತ್ತದೆ. ಆದರೂ ಸೋಮವಾರ ಕಚೇರಿಗೆ ಹೊರಟವನ ತಲೆಯ ಭಾರ ಇಳಿಸಲು ಇದಕ್ಕಿಂತ ಒಳ್ಳೆಯ ಹಾಡು ಕಾಣೆವು.

ಎರಡನೆಯದು 2016ರ ‘ಕಿರಿಕ್ ಪಾರ್ಟಿ’ ಚಿತ್ರದ ‘ಬೆಳಗೆದ್ದು’. ಸಂಗೀತ ಬಿ. ಅಜನೀಶ್ ಲೋಕನಾಥ್, ಸಾಹಿತ್ಯ ಧನಂಜಯ್ ರಂಜನ್, ಗಾಯನ ವಿಜಯ್ ಪ್ರಕಾಶ್. ಚಿತ್ರ 2018ರಲ್ಲಿ ತೆಲುಗಿನಲ್ಲೂ ಮರುನಿರ್ಮಾಣವಾಯಿತು, ಸಂಗೀತಗಾರರೂ ಅವರೇ. ಕಾಲೇಜು ಹುಡುಗರ ಪ್ರೇಮಗೀತೆಯೆಂದು ಹಿರಿಯರು ಹುಬ್ಬೇರಿಸಬಾರದು. ‘ಇವತ್ತು ಯಾರ ಮುಖ ನೋಡಿ ಎದ್ದೆನೋ’ ಎಂದು ಹಾಲು ಉಕ್ಕಿದ ದಿನ ನಮ್ಮ ಮನೆಗಳಲ್ಲಿ ಹೇಳುವ ಮಾತಿದೆಯಲ್ಲ, ಆ ಹಳೆಯ ನುಡಿಯನ್ನೇ ಹಿಡಿದು ಪ್ರೇಮದ ಕಡೆಗೆ ತಿರುಗಿಸಿದ ಹಾಡು ಇದು. ತೆಲುಗಿಗೋ ಇಂಗ್ಲಿಷಿಗೋ ತಂದರೆ ಈ ತಿರುವು ಉಳಿಯುವುದು ಕಷ್ಟ. ಜೊತೆಗೆ ಹೆಸರಿನಲ್ಲೇ ಒಂದು ವ್ಯಾಕರಣ ಪಾಠವಿದೆ. ಬೆಳಗು, ಎದ್ದು, ‘ಉ’ಕಾರ ಬಿದ್ದುಹೋಗಿ ಬೆಳಗೆದ್ದು. ಲೋಪಸಂಧಿಯನ್ನು ಪುಸ್ತಕದಿಂದ ಕಲಿಸಲು ಹೋಗಿ ಸೋತ ನಾವು ಈ ಹಾಡಿನಿಂದ ಹತ್ತು ನಿಮಿಷದಲ್ಲಿ ಕಲಿಸಿದೆವು.

ಮೂರನೆಯದು, ಈಗಾಗಲೇ ಹೇಳಿದ ‘ಸಿಂಗಾರ ಸಿರಿಯೆ’. ಇದೂ ಅಜನೀಶ್ ಅವರದೇ. ಮಾತು ಪ್ರಮೋದ್ ಮರವಂತೆ. ವಿಜಯ್ ಪ್ರಕಾಶ್, ಅನನ್ಯಾ ಭಟ್ ಅವರೊಡನೆ ನಾಗರಾಜ ಪಾಣಾರರ ಜಾನಪದ ದನಿಯೂ ಸೇರಿದೆ. ಸಮಾರಂಭಗಳಲ್ಲಿ ಕುಣಿಸುವವರು ಆ ಜಾನಪದದ ಭಾಗವನ್ನು ಕತ್ತರಿಸಿ ಹಾಕುವುದನ್ನು ಕಂಡಿದ್ದೇವೆ. ಹಾಗೆ ಮಾಡಬಾರದೆಂದು ನಮ್ಮ ಕಳಕಳಿಯ ಮನವಿ. ಕರಾವಳಿಯ ಮಣ್ಣಿನ ವಾಸನೆ ಇರುವುದೇ ಅಲ್ಲಿ. ರಾಯಚೂರಿನ ಅಜ್ಜಿಗೆ ಕುಂದಾಪುರದ ಕನ್ನಡ ಅರ್ಧ ತಿಳಿಯದು. ಆ ಅರ್ಧವನ್ನು ಅಜ್ಜಿ ಮೊಮ್ಮಗಳು ಕೂಡಿ ಊಹಿಸಿದರು. ಒಂದು ವಾರಕ್ಕೆ ಇನ್ನೇನು ಬೇಕು?

ನಾಲ್ಕನೆಯದು ‘ಅನಿಸುತಿದೆ’. 2006ರ ಕೊನೆಗೆ ಬಂದ ‘ಮುಂಗಾರು ಮಳೆ’ ಚಿತ್ರದ್ದು. ಹಳೆಯದಾಯಿತು ಎನ್ನಬೇಡಿ, ಇದನ್ನು ಹೊರನಾಡ ಕನ್ನಡಿಗರ ಹಾಡೆಂದು ಕರೆಯಲು ನಮಗೆ ಕಾರಣವಿದೆ. ಬರೆದ ಜಯಂತ ಕಾಯ್ಕಿಣಿಯವರು ಗೋಕರ್ಣದವರು. ಜೀವರಸಾಯನಶಾಸ್ತ್ರ ಓದಿ ಮುಂಬಯಿಯ ಔಷಧ ಕಾರ್ಖಾನೆಯಲ್ಲಿ ದೀರ್ಘಕಾಲ ದುಡಿದವರು. ರಾಗ ಹಾಕಿದ ಮನೋಮೂರ್ತಿಯವರು ಅಮೆರಿಕದಲ್ಲಿ ನೆಲೆಸಿ ಉದ್ಯಮ ನಡೆಸಿದವರು. ಹಾಡಿದ ಸೋನು ನಿಗಮ್ ಅವರು ಹರಿಯಾಣದ ಫರಿದಾಬಾದಿನಲ್ಲಿ ಹುಟ್ಟಿದವರು. ಕನ್ನಡ ಚಿತ್ರಗೀತೆಯ ದಾರಿಯನ್ನು ಬದಲಿಸಿದ ಹಾಡಿನ ಹಿಂದೆ ಮನೆಯಿಂದ ದೂರವಿದ್ದು ಕನ್ನಡವನ್ನು ಜೊತೆಗಿಟ್ಟುಕೊಂಡ ಇಬ್ಬರಿದ್ದಾರೆ. ದೂರ ಹೋದವರು ಭಾಷೆಗೆ ಹೊರೆ ಎಂಬ ಮಾತು ಕೇಳಿಸಿದಾಗಲೆಲ್ಲ ನಾವು ಈ ಹಾಡನ್ನು ಹಾಕುತ್ತೇವೆ.

ಐದನೆಯದಕ್ಕೆ ಕೃಪಾಂಕ. ದುನಿಯಾ ವಿಜಯ್ ನಿರ್ದೇಶಿಸಿದ 2021ರ ‘ಸಲಗ’ ಚಿತ್ರದ ‘ಟಿಣಿಂಗ ಮಿಣಿಂಗ ಟಿಶ್ಯಾ’. ಸಂಗೀತ ಚರಣ್ ರಾಜ್. ಮಾತಿನ ಪರೀಕ್ಷೆಯಲ್ಲಿ ಇದು ಮೊದಲ ಸಾಲಿಗೇ ಫೇಲು. ಹೆಸರಿಗೆ ಅರ್ಥವೇ ಇಲ್ಲ. ಆದರೆ ಹಾಡಿದವರಲ್ಲಿ ಉತ್ತರ ಕನ್ನಡದ ಸಿದ್ದಿ ಕಲಾವಿದರಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದು ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ನೆಲೆನಿಂತು ಕನ್ನಡ ನೆಲದವರಾದ ಜನ ಅವರು. ನಮ್ಮ ಊರಿನಲ್ಲೂ ಅವರ ಬಂಧುಗಳಿದ್ದಾರೆ. ಮಾಸಬ್ ಟ್ಯಾಂಕಿನ ಹತ್ತಿರದ ಎ.ಸಿ. ಗಾರ್ಡ್ಸ್ ಎಂಬ ಬಡಾವಣೆಗೆ ಆ ಹೆಸರು ಬಂದದ್ದು ನಿಜಾಮರ ಆಫ್ರಿಕನ್ ಅಶ್ವದಳದಿಂದ. ಇಲ್ಲಿನ ಮದುವೆಗಳಲ್ಲಿ ಬಾರಿಸುವ ಮರ್ಫಾ ವಾದ್ಯದಲ್ಲಿ ಅವರ ಕೈಯೂ ಇದೆ. ಈ ಹಾಡು ಕೇಳಿದ ಮಗಳು, ‘ಇದು ಬಾರಾತಿನ ತಾಳದ ಹಾಗಿದೆ’ ಎಂದಳು. ಅವಳ ಕಿವಿ ನಮ್ಮದಕ್ಕಿಂತ ಚುರುಕು ಎಂದು ಅಂದು ಗೊತ್ತಾಯಿತು.

ಆರನೆಯದು ಹಳೆಯದು ಹೊಸದಾದ ಕಥೆ. 1999ರ ‘ಉಪೇಂದ್ರ’ ಚಿತ್ರದ ‘ಏನಿಲ್ಲ ಏನಿಲ್ಲ’, ಸಂಗೀತ ಗುರುಕಿರಣ್. ಕಾಲು ಶತಮಾನ ಕಳೆದು 2024ರ ಮೊದಲಲ್ಲಿ ಮೊಬೈಲುಗಳ ಕಿರುಚಿತ್ರಗಳ ಮೂಲಕ ಅದು ಮತ್ತೆ ಎದ್ದು ಕುಳಿತು, ಅದು ಬಂದಾಗ ಹುಟ್ಟಿಯೇ ಇರದ ಮಕ್ಕಳ ಬಾಯಿಗೆ ಬಂತು. ಹಾಸ್ಯಕ್ಕಾಗಿಯೇ ಬಂತೆನ್ನಿ. ಆದರೂ ಅದರಿಂದ ನಮ್ಮ ಮನೆಗೆ ‘ಕರಿಮಣಿ’ ಎಂಬ ಮಾತು ಬಂದು ಸೇರಿತು. ಅಜ್ಜಿ ತಮ್ಮ ಕೊರಳಿನದನ್ನು ತೋರಿಸಿ ವಿವರಿಸಿದರು. ಅದೇ ಹಾಡಿನ ‘ಮಾಲೀಕ’ ಉರ್ದುವಿನ ಮಾರ್ಗವಾಗಿ ಬಂದ ಮಾತು. ಅದನ್ನು ಮಾತ್ರ ಈ ಊರಿನ ಮಕ್ಕಳಿಗೆ ಯಾರೂ ವಿವರಿಸಬೇಕಾಗಲಿಲ್ಲ.

ಏಳನೆಯದು ‘ದ್ವಾಪರ’. 2024ರ ಆಗಸ್ಟಿನಲ್ಲಿ ಬಂದ ‘ಕೃಷ್ಣಂ ಪ್ರಣಯ ಸಖಿ’ ಚಿತ್ರದ್ದು. ಸಂಗೀತ ಅರ್ಜುನ್ ಜನ್ಯ, ಸಾಹಿತ್ಯ ವಿ. ನಾಗೇಂದ್ರ ಪ್ರಸಾದ್. ಹಾಡಿದವರು ಜಸ್ಕರಣ್ ಸಿಂಗ್, ಪಂಜಾಬಿನ ತರುಣ. ಕನ್ನಡದ ದೂರದರ್ಶನ ಸ್ಪರ್ಧೆಯ ಮೂಲಕ ಪರಿಚಿತರಾದವರು. ಕನ್ನಡಿಗರೇ ಇಲ್ಲವೇ, ಹೊರಗಿನವರೇಕೆ ಎಂಬ ಗೊಣಗಾಟ ಇಂಥ ಹಾಡು ಬಂದಾಗ ಏಳುವುದುಂಟು. ಅವಕಾಶ ಸಿಗದ ನಮ್ಮ ಹುಡುಗರ ನೋವು ನ್ಯಾಯವಾದದ್ದೇ. ಆದರೆ ತೆಲುಗು ನಾಡಿನಲ್ಲಿ ಕೂತು ನಾವು ಆ ಗೊಣಗಾಟ ಮಾಡುವಂತಿಲ್ಲ. ರಾಜಕುಮಾರರ ಹಾಡುದನಿಯಾಗಿದ್ದ ಪಿ.ಬಿ. ಶ್ರೀನಿವಾಸ್ ಹುಟ್ಟಿದ್ದು ಕಾಕಿನಾಡದಲ್ಲಿ, ಎಸ್. ಜಾನಕಿ ಗುಂಟೂರು ಜಿಲ್ಲೆಯವರು, ಎಸ್.ಪಿ. ಬಾಲಸುಬ್ರಹ್ಮಣ್ಯಂ ನೆಲ್ಲೂರಿನ ಕಡೆಯವರು, ಗಾನಯೋಗಿ ಪಂಚಾಕ್ಷರಿ ಗವಾಯಿಗಳ ಮೇಲಿನ ಕನ್ನಡ ಚಿತ್ರಕ್ಕೆ ಹಾಡಿ ರಾಷ್ಟ್ರಪ್ರಶಸ್ತಿ ಪಡೆದವರು. ಅವರೆಲ್ಲ ಕನ್ನಡವನ್ನು ಕಲಿತು, ಒಂದೊಂದು ಅಕ್ಷರ ತಿದ್ದಿಕೊಂಡು ಹಾಡಿದರು. ಪಂಜಾಬಿನ ಹುಡುಗ ಶ್ರಮಪಟ್ಟು ‘ದ್ವಾಪರ’ ಎನ್ನುತ್ತಿರುವಾಗ, ನಮ್ಮ ಮಕ್ಕಳು ‘ಹಾಲು’ ಎನ್ನಲು ‘ಆಲು’ ಎಂದರೆ ನಾಚಬೇಕಾದವರು ಯಾರು? ಹಾಡಿನ ಮಟ್ಟಿಗೆ ಹೇಳುವುದಾದರೆ, ಸಿಹಿ ತುಸು ಹೆಚ್ಚು. ದಿನಕ್ಕೆ ಒಂದೇ ಸಲ ಕೇಳುವುದು ಆರೋಗ್ಯಕ್ಕೆ ಒಳ್ಳೆಯದು.

ಶಿಫಾರಸು ಮಾಡದವುಗಳ ಬಗೆಗೂ ಒಂದು ಮಾತು. ಚಂದನ್ ಶೆಟ್ಟಿಯವರ ‘3 ಪೆಗ್’ ಒಂದು ಕಾಲಕ್ಕೆ ಎಲ್ಲೆಲ್ಲೂ ಕೇಳಿಸಿತು. ಅದಕ್ಕೆ ಕುಣಿಸುವ ಶಕ್ತಿಯಿಲ್ಲ ಎನ್ನಲಾರೆವು. ಸಿನಿಮಾದ ಹಂಗಿಲ್ಲದೆ ಕನ್ನಡದಲ್ಲಿ ರ‍್ಯಾಪ್ ಹಾಡಿ ಜನರನ್ನು ಸೇರಿಸಬಹುದೆಂದು ಅವರಂಥವರು ತೋರಿಸಿದ್ದು ಸಣ್ಣ ಸಂಗತಿಯಲ್ಲ. ಆದರೆ ಸೋಮವಾರ ಬೆಳಗ್ಗೆ, ಅಜ್ಜಿ ದೇವರಿಗೆ ಹೂವೇರಿಸುವ ಹೊತ್ತಿನಲ್ಲಿ, ಆ ಹೆಸರಿನ ಅರ್ಥ ಕೇಳಿದರೆ ನಾವೇನು ಹೇಳುವುದು? ಇನ್ನು, ಪಲ್ಲವಿಯೆಲ್ಲ ಇಂಗ್ಲಿಷಿನಲ್ಲಿದ್ದು ಅಂಟಿಗೆಂದು ಮಾತ್ರ ಕನ್ನಡ ಬಳಸುವ ಹಾಡುಗಳಿವೆ. ಅವು ಕೆಟ್ಟವೆಂದಲ್ಲ, ಅವು ಕೊಡುವುದು ನಮ್ಮ ಮಕ್ಕಳ ಬಳಿ ಈಗಾಗಲೇ ಸಾಕಷ್ಟಿದೆ, ಅಷ್ಟೆ.

ಈಗ ಲಾಭನಷ್ಟದ ಲೆಕ್ಕ. ಹಾಡು ಕೇಳಿ ಮಗಳು ಕನ್ನಡ ಕಲಿತಳೆಂದು ಬರೆದರೆ ಅದು ಸುಳ್ಳು ಲೆಕ್ಕವಾದೀತು. ಹಾಡು ಭಾಷೆಯಲ್ಲ. ವಾಕ್ಯ ಕಟ್ಟುವುದು, ಜಗಳವಾಡುವುದು, ಸುಳ್ಳು ಹೇಳುವುದು, ಇವೆಲ್ಲ ಒಂದು ಭಾಷೆಯಲ್ಲಿ ಬಂದಾಗಲೇ ಆ ಭಾಷೆ ಬಂದಂತೆ. ನಮ್ಮವಳು ಇಂದಿಗೂ ಸಿಟ್ಟು ಬಂದರೆ ತೆಲುಗು, ಲೆಕ್ಕ ಮಾಡಿದರೆ ಇಂಗ್ಲಿಷು. ಬಂದದ್ದು ಇಷ್ಟು: ಹಿಂದೆ ಅಜ್ಜಿ ಕೇಳುತ್ತಿದ್ದರು, ಮೊಮ್ಮಗಳು ಭುಜ ಕುಣಿಸುತ್ತಿದ್ದಳು. ಈಗ ವಾರಕ್ಕೊಮ್ಮೆಯಾದರೂ ಮೊಮ್ಮಗಳು ಕೇಳುತ್ತಾಳೆ, ಅಜ್ಜಿ ಉತ್ತರಿಸುತ್ತಾರೆ. ಮಗ ಕಚೇರಿಗೆ, ಸೊಸೆ ಕೆಲಸಕ್ಕೆ, ಮೊಮ್ಮಗಳು ಶಾಲೆಗೆ ಹೋದಮೇಲೆ ಈ ಊರಿನ ಮೂರನೆಯ ಮಹಡಿಯಲ್ಲಿ ಕನ್ನಡದ ಒಂದು ಮಾತಿಗೆ ಜನವಿಲ್ಲದೆ ಕೂರುವ ಮುದುಕಿಗೆ, ತನ್ನಲ್ಲಿರುವ ಮಾತು ಯಾರಿಗೋ ಬೇಕಾಗಿದೆ ಎಂದು ಗೊತ್ತಾಗುವುದು ಸಣ್ಣ ಲಾಭವಲ್ಲ. ನಾವು ಇದನ್ನು ತಡವಾಗಿ ಕಂಡೆವು. ತಪ್ಪು ಮಗಳದಲ್ಲ, ಹೊಸ ಹಾಡುಗಳದೂ ಅಲ್ಲ. ಜೊತೆಯಲ್ಲಿ ಕೂತು ಕೇಳದ ನಮ್ಮದು.

ಕೊನೆಗೊಂದು ಸಲಹೆ. ಸಂಘದ ತಿಂಗಳ ಕೂಟದಲ್ಲಿ ಭಾಷಣಗಳ ನಡುವೆ ಅರ್ಧ ಗಂಟೆ ಬಿಡುವು ಮಾಡಿಕೊಂಡು, ಧ್ವನಿವರ್ಧಕವಿಲ್ಲದೆ, ಮುದ್ರಿತ ಸಂಗೀತವಿಲ್ಲದೆ, ಮಕ್ಕಳೂ ಹಿರಿಯರೂ ಕೂಡಿ ಒಂದು ಹೊಸ ಹಾಡನ್ನು ಬರಿಯ ಬಾಯಲ್ಲಿ ಹಾಡಬಾರದೇಕೆ? ಹಾಡಿದ ಮೇಲೆ ಒಂದೊಂದು ಮಾತಿನ ಅರ್ಥವನ್ನು ಮಕ್ಕಳು ಕೇಳಲಿ, ಹಿರಿಯರು ಹೇಳಲಿ. ತಾಳ ತಪ್ಪಿದರೆ ಚಿಂತೆಯಿಲ್ಲ. ಮುಂದಿನ ಸಾಲಿನಲ್ಲಿ ನಾವೇ ಕೂತಿರುತ್ತೇವೆ, ನಮಗೆ ಗೊತ್ತಾಗುವುದಿಲ್ಲ. ಎಂಟನೆಯ ವಾರಕ್ಕೆ ನಮ್ಮ ಬಳಿ ಹಾಡಿಲ್ಲ. ನಿಮ್ಮ ಮನೆಯಲ್ಲಿ ಯಾವ ಹಾಡಿನ ಯಾವ ಮಾತು ಹಿಡಿಯಿತೆಂದು ಸಂಪಾದಕರಿಗೆ ಬರೆದು ತಿಳಿಸಿದರೆ, ಮುಂದಿನ ಸೋಮವಾರ ನಮ್ಮ ಒಗ್ಗರಣೆಗೆ ಅದೇ ಆದೀತು.